ಪಡೆದ ಸ್ಥಿತಿಯಲ್ಲಿಯೇ

ಕೆಲವು ಘಟನೆಗಳನ್ನು ಗಂಟೆ ನಿಮಿಷ ಸಮೇತ ಬರೆದಿಡಬೇಕಾಗುತ್ತದೆ. ಇಲ್ಲದಿದ್ದರೆ ಮುಂದಿನವರು ನಮ್ಮನ್ನು ಕ್ಷಮಿಸುವುದಿಲ್ಲ. ಅಂಥದೊಂದು ಘಟನೆ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ, ಮೂರಂತಸ್ತಿನ ಹಳೆಯ ಕಟ್ಟಡವೊಂದರ ನಡುವಿನ ಅಂತಸ್ತಿನಲ್ಲಿ, ಒಂದೂವರೆ ಕೋಣೆಯ ಮನೆಯಲ್ಲಿ ನಡೆಯಿತು. ಆರು ವರ್ಷದ ಹುಡುಗಿಯೊಬ್ಬಳ ಕೆಳದವಡೆಯ ಮುಂದಿನ ಹಲ್ಲು ಒಂದು ಸೇಬಿನ ಹೋಳಿನೆದುರು ಸೋಲೊಪ್ಪಿಕೊಂಡು ಬಾಯಿಂದ ಹೊರಗೆ ಬಿತ್ತು.

ಸಮಯದ ಬಗ್ಗೆ ಯಾರಿಗೂ ಅನುಮಾನ ಬೇಡ. ಆ ಕೋಣೆಯಲ್ಲಿ ಹದಿನಾಲ್ಕು ಗಡಿಯಾರಗಳಿದ್ದವು. ಹದಿನಾಲ್ಕೂ ಹದಿನಾಲ್ಕು ಸಮಯ ತೋರಿಸುತ್ತಿದ್ದವು ಎಂಬುದು ನಿಜ. ಆದರೆ ಮನೆಯ ಯಜಮಾನ ಗಡಿಯಾರ ರಿಪೇರಿಯವನಾದ್ದರಿಂದ ಯಾವುದು ಎಷ್ಟು ಸುಳ್ಳು ಹೇಳುತ್ತಿದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

ಹಲ್ಲು ನೆಲಕ್ಕೆ ಬಿದ್ದು ಎರಡು ಸಲ ಪುಟಿಯಿತು. ಗಡಿಯಾರದವನು ಅದನ್ನು ಕಣ್ಣಾರೆ ಕಂಡ. ಇಪ್ಪತ್ತು ವರ್ಷದ ಕಸುಬಿನಲ್ಲಿ ಸಣ್ಣ ವಸ್ತುಗಳು ಹೇಗೆ ಬೀಳುತ್ತವೆ ಎಂಬುದನ್ನು ಅವನಷ್ಟು ಬಲ್ಲವರು ಆ ಬೀದಿಯಲ್ಲಿ ಇರಲಿಲ್ಲ. ಸ್ಕ್ರೂ ಬಿದ್ದರೆ ಉರುಳುತ್ತದೆ, ಸ್ಪ್ರಿಂಗು ಬಿದ್ದರೆ ಹಾರುತ್ತದೆ. ಹಲ್ಲು ಬಿದ್ದರೆ ಪುಟಿಯುತ್ತದೆ ಎಂಬುದು ಮಾತ್ರ ಅವನಿಗೆ ಅಂದೇ ತಿಳಿದದ್ದು. ಆಶ್ಚರ್ಯಪಡಲು ಸಮಯವಿರಲಿಲ್ಲ. ಹಲ್ಲು ಹೊಸ ಮಂಚದ ಕೆಳಗೆ ನುಸುಳಿ, ಆ ಕಡೆಯಿಂದ ಹೊರಬಂದು, ಬಚ್ಚಲಿನ ಹೊಸ್ತಿಲು ದಾಟಿ, ಜಾಲರಿ ಕಿತ್ತುಹೋಗಿದ್ದ ಮೋರಿಯ ಬಾಯಿಗೆ ಸೇರಿತು. ಜಾಲರಿ ಹಾಕಿಸಬೇಕೆಂದು ಅವನು ಮೂರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದ.

"ಅಪ್ಪಾ, ಅದೂ..." ಎಂದಳು ಮಗಳು. ಅವಳನ್ನು ಎಲ್ಲರೂ ಕರೆಯುವುದು ಗುಬ್ಬಿ ಎಂದು.

"ಬಾಯಿ ಮುಚ್ಕೋ ಮಗಳೇ! ಮುಚ್ಕೋ! ಇನ್ನೊಂದೂ ಬಿದ್ದೀತು!"

ಗುಬ್ಬಿ ಬಾಯಿ ಮುಚ್ಚಿಕೊಂಡಳು. ಅವಳ ಕೈಯಲ್ಲೊಂದು ಪುಟ್ಟ ತಗಡಿನ ಡಬ್ಬಿಯಿತ್ತು. ಬೆಳಿಗ್ಗೆ ಬಂದಾಗಿನಿಂದ ಅದನ್ನು ಕೆಳಗಿಟ್ಟಿರಲಿಲ್ಲ.

ಆರು ವರ್ಷದ ಮಕ್ಕಳ ಹಲ್ಲು ಬೀಳುವುದು ಲೋಕದಲ್ಲಿ ದಿನವೂ ನಡೆಯುವ ಸಂಗತಿ. ಆದರೆ ಆ ಮಕ್ಕಳು ಷರತ್ತಿಗೊಳಪಟ್ಟ ಮಕ್ಕಳಲ್ಲ. ಗುಬ್ಬಿಯ ಅಪ್ಪ ಅಮ್ಮ ಬೇರೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ಮಗು ಅಮ್ಮನ ಬಳಿ, ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಪ್ಪನ ಬಳಿ ಎಂದು ಒಪ್ಪಂದವಾಗಿತ್ತು. ಒಪ್ಪಂದ ಬರೆದುಕೊಟ್ಟ ವಕೀಲರು ತುಂಬ ಕೆಲಸವಿದ್ದವರು. ಮನೆ ಬಾಡಿಗೆ ಕರಾರಿನ ನಮೂನೆಯೊಂದನ್ನು ಮುಂದಿಟ್ಟುಕೊಂಡು, 'ಮನೆ' ಎಂದಿದ್ದ ಕಡೆಯೆಲ್ಲ 'ಮಗು' ಎಂದು ಮಾಡಿ ಮುಗಿಸಿದ್ದರು. ಹಾಗಾಗಿ ಏಳನೆಯ ಷರತ್ತು ಹೀಗಿತ್ತು: 'ಸ್ವಾಭಾವಿಕ ಸವಕಳಿಯನ್ನು ಹೊರತುಪಡಿಸಿ, ಮಗುವನ್ನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸತಕ್ಕದ್ದು.'

ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಗುಬ್ಬಿಯ ಅಮ್ಮನದು ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಕೆಲಸ. ಎಲ್ಲಿ ಏನು ಬಿಟ್ಟುಹೋಗಿದೆ ಎಂದು ಕಂಡುಹಿಡಿಯುವುದಕ್ಕೇ ಅವಳಿಗೆ ಸಂಬಳ. ಹನ್ನೊಂದು ವರ್ಷದ ದಾಂಪತ್ಯದಲ್ಲಿ ಆ ಕೆಲಸವನ್ನು ಅವಳು ಮನೆಯಲ್ಲೂ ಸಂಬಳವಿಲ್ಲದೆ ಮಾಡಿದ್ದಳು. ಒಪ್ಪಂದವನ್ನು ಓದಿ, "ನನ್ನ ಮಗಳು ಸವೆಯೋಕೆ ಚಪ್ಪಲೀನಾ?" ಎಂದು ಕೆಂಪು ಪೆನ್ನಿನಿಂದ ಸವಕಳಿಯನ್ನು ಹೊಡೆದುಹಾಕಿದಳು. ಗಡಿಯಾರದವನೂ ಸುಮ್ಮನಿರಲಿಲ್ಲ. "ಹಾಗಿದ್ರೆ ಇದು ಇಬ್ಬರಿಗೂ ಅನ್ವಯ ಅಂತ ಬರೀರಿ" ಎಂದು ಹಟ ಹಿಡಿದು ಬರೆಸಿದ. ಇಬ್ಬರೂ ಗೆದ್ದ ಸಂತೋಷದಲ್ಲಿ ರುಜು ಹಾಕಿದ್ದರು.

ಮಗುವನ್ನು ಕೊಟ್ಟು ತೆಗೆದುಕೊಳ್ಳುವುದು ಕುಟುಂಬ ಸಮಾಲೋಚನಾ ಕೇಂದ್ರದಲ್ಲಿ. ಅಲ್ಲೊಂದು ದಪ್ಪ ವಹಿ. ಅದರ ಕೊನೆಯಲ್ಲಿ ಷರಾ ಎಂಬ ಕಾಲಮ್ಮು. ದೂರುಗಳಿದ್ದರೆ ಅಲ್ಲಿ ಬರೆಯಬೇಕು. ಸತತ ಹನ್ನೆರಡು ಭಾನುವಾರ ಷರಾ ಖಾಲಿಯಿದ್ದರೆ ಗಡಿಯಾರದವನಿಗೆ ಶನಿವಾರದ ರಾತ್ರಿಯೂ ಸಿಗುವುದೆಂದು ನಿಗದಿಯಾಗಿತ್ತು. ಮೊದಲ ಸಲ ಐದನೆಯ ಭಾನುವಾರ 'ತಲೆಯ ಕ್ಲಿಪ್ಪು ಒಂದು ಕಡಿಮೆ' ಎಂದು ಅವಳು ಬರೆದು ಲೆಕ್ಕ ಸೊನ್ನೆಗೆ ಬಂತು. ಎರಡನೆಯ ಸಲ ಒಂಬತ್ತನೆಯ ಭಾನುವಾರ ಮಗುವನ್ನು ತೆಗೆದುಕೊಳ್ಳುವಾಗ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ತನ್ನ ಭೂತಗನ್ನಡಿಯಲ್ಲಿ ಮಗಳ ಮೊಣಕಾಲು ನೋಡಿ, 'ತರಚು ಗಾಯ, ಉದ್ದ ಅರ್ಧ ಅಂಗುಲ' ಎಂದು ಸ್ವತಃ ಅವನೇ ಬರೆದ. ಷರಾ ಯಾರು ಬರೆದರೂ ಲೆಕ್ಕ ಸೊನ್ನೆಗೇ ಬರುತ್ತದೆಂಬುದು ಬರೆದ ಮೇಲೆ ತಿಳಿಯಿತು. ಅವಳ ಮೇಲೆ ಅಂಥ ಇನ್ನೊಂದು ಷರಾ ಬಿದ್ದರೆ ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆಯೇ ಮತ್ತೆ ಏಳುವುದೆಂದೂ ತಿಳಿಯಿತು. ಅಂದಿನಿಂದ ಇಬ್ಬರೂ ಮಗುವನ್ನು ಗಾಜಿನ ಸಾಮಾನಿನಂತೆ ಹಿಡಿದು ಒಪ್ಪಿಸುತ್ತಿದ್ದರು.

ಇಂದು ಮೂರನೆಯ ಸರದಿಯ ಹನ್ನೆರಡನೆಯ ಭಾನುವಾರ. ಹನ್ನೊಂದು ಸಾಲು ಖಾಲಿ. ಸಂಜೆ ಐದಕ್ಕೆ ಇನ್ನೊಂದು ಸಾಲು ಖಾಲಿ ಉಳಿದರೆ ಬರುವ ಶನಿವಾರ ಗುಬ್ಬಿ ಇಲ್ಲಿ ಮಲಗುತ್ತಾಳೆ. ಅವಳಿಗಾಗಿ ಮಂಚ ಬಂದಿತ್ತು. ಪುಟ್ಟ ದಿಂಬು ಬಂದಿತ್ತು.

"ಅಪ್ಪಾ, ಗಡಿಯಾರಗಳು ರಾತ್ರಿ ನಿದ್ದೆ ಮಾಡ್ತಾವಾ?" ಎಂದು ಅವಳು ಕೇಳಿ ಹದಿನಾಲ್ಕು ತಿಂಗಳಾಗಿತ್ತು. "ಬಂದು ನೀನೇ ನೋಡು" ಎಂದು ಅವನು ಹೇಳಿ ಅಷ್ಟೇ ತಿಂಗಳಾಗಿತ್ತು.

ಬೆಳಿಗ್ಗೆ ಅವಳ ಅಮ್ಮ ಹೇಳಿಹೋದದ್ದು ಅವನಿಗೆ ಈಗ ನೆನಪಾಯಿತು. ವಾರವಾರ ಹದಿನೈದು ಸೂಚನೆ ಕೊಡುವವಳು ಇಂದು ಒಂದನ್ನೇ ಕೊಟ್ಟು ಅವಸರದಲ್ಲಿ ಹೊರಟುಹೋಗಿದ್ದಳು: "ಹಲ್ಲು ಅಲ್ಲಾಡ್ತಿದೆ. ಗಟ್ಟಿ ತಿನ್ನೋಕೆ ಏನೂ ಕೊಡ್ಬೇಡಿ."

ಅವನು ಸೇಬು ಕೊಟ್ಟಿದ್ದ.

ಮೋರಿಯೊಳಗೆ ಕೈ ಹಾಕಿ, ಚಿಮಟ ಹಾಕಿ, ಕೊನೆಗೆ ತಂತಿ ಹಾಕಿ ಕೆರೆಯುತ್ತಿದ್ದ ಸದ್ದಿಗೆ ಎದುರು ಮನೆಯ ಟೈಲರಮ್ಮ ಬಂದರು. ಕೊರಳಲ್ಲಿ ಅಳತೆಯ ಪಟ್ಟಿ ನೇತಾಡುತ್ತಿತ್ತು. ಯಾರ ಮನೆಯಲ್ಲಿ ಏನಾಯಿತೆಂದು ತಿಳಿಯದಿದ್ದರೆ ಅವರ ಹೊಲಿಗೆ ಯಂತ್ರದ ದಾರ ಕಡಿಯುತ್ತಿತ್ತಂತೆ.

"ಏನಣ್ಣಾ ಇದು, ಭಾನುವಾರ ಬೆಳಿಗ್ಗೆ ಮೋರಿ ಜೊತೆ ಕುಸ್ತಿ?"

"ಹಲ್ಲು ಹೋಯ್ತಕ್ಕಾ."

"ನಿಮ್ದಾ?"

"ಗುಬ್ಬೀದು."

"ಅಯ್ಯೋ ಅಷ್ಟೇನಾ! ಬೇರೆ ಬರತ್ತೆ ಬಿಡಿ."

"ಐದು ಗಂಟೆ ಒಳಗೆ ಬರತ್ತಾ?" ಎಂದು ಅವನು ಕೇಳಿದ ರೀತಿಗೆ ಟೈಲರಮ್ಮ ಗಂಭೀರರಾದರು. ಬಾಗಿಲಿಗೆ ಬಂದು ಮೇಲಿನ ಅಂತಸ್ತಿನತ್ತ ಮುಖ ಮಾಡಿ, "ಶಿರಸ್ತೇದಾರ್ರೇ! ಸ್ವಲ್ಪ ಕೆಳಗೆ ಬರ್ತೀರಾ? ಕಾನೂನಿನ ವಿಷ್ಯ!" ಎಂದು ಕೂಗಿದರು.

ಮೇಲಿನ ಮನೆಯವರು ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿಯ ನಂತರ ಯಾರೂ ತಮ್ಮ ಮುಂದೆ ಕೈಕಟ್ಟಿ ನಿಲ್ಲುತ್ತಿಲ್ಲವೆಂಬ ಕೊರಗು ಬಿಟ್ಟರೆ ಅವರಿಗೆ ಬೇರೆ ಕಾಯಿಲೆಯಿರಲಿಲ್ಲ. ಕಾನೂನಿನ ವಿಷಯವೆಂದ ಕೂಡಲೇ ಅಂಗಿಯ ಮೇಲೆ ಕೋಟು ತೊಟ್ಟು ಇಳಿದು ಬಂದರು. ಒಪ್ಪಂದ ತರಿಸಿಕೊಂಡು ಏಳನೆಯ ಷರತ್ತನ್ನು ಮೂರು ಸಲ ಓದಿದರು.

"ಸವಕಳಿ ಇದ್ದಿದ್ರೆ ಬಚಾವಾಗ್ತಿದ್ರಿ," ಎಂದರು. "ಹಲ್ಲು ಬೀಳೋದು ಸವಕಳೀನೇ. ಆದ್ರೆ ಅದನ್ನ ಹೊಡೆದು ಹಾಕಿದೆ. ಅಂದ್ಮೇಲೆ ಉಭಯತರೂ ಬುದ್ಧಿಪೂರ್ವಕವಾಗಿ ಸವಕಳಿಯನ್ನ ನಿರಾಕರಿಸಿದ್ದಾರೆ ಅಂತಾಯ್ತು. ಮಗು ಪಡೆದಾಗ ಹಲ್ಲು ಎಷ್ಟಿತ್ತು?"

"ಎಣಿಸಿಲ್ಲ ಸಾರ್."

"ಎಣಿಸ್ಬೇಕಾಗಿತ್ತು," ಎಂದರು ಶಿರಸ್ತೇದಾರರು, ಮೂವತ್ತೆರಡು ವರ್ಷ ಕಕ್ಷಿದಾರರಿಗೆ ಹೇಳುತ್ತ ಬಂದ ಅದೇ ದನಿಯಲ್ಲಿ.

ಗುಬ್ಬಿ ಅಪ್ಪನ ಅಂಗಿ ಜಗ್ಗಿದಳು. "ಅಪ್ಪಾ, ಈ ಡಬ್ಬೀಲಿ..."

"ಶ್ಶ್! ಬಾಯಿ ಮುಚ್ಚಿಕೊಂಡಿರಮ್ಮ," ಎಂದರು ಶಿರಸ್ತೇದಾರರು. "ನೀನು ಸಾಕ್ಷಿ. ಸಾಕ್ಷಿ ಮೊದಲೇ ಮಾತಾಡ್ಬಾರ್ದು."

ಗಡಿಯಾರದವನು ವಕೀಲರಿಗೆ ಫೋನು ಹಚ್ಚಿದ. ಅವರು ಯಾವುದೋ ಮದುವೆ ಊಟದ ಸಾಲಿನಲ್ಲಿ ನಿಂತಿದ್ದರು. ಮದುವೆಗಳಿಗೆ ತಪ್ಪದೆ ಹೋಗುವುದು ಅವರ ವೃತ್ತಿಯ ಒಂದು ಭಾಗವಾಗಿತ್ತು.

"ಹಲ್ಲು ಬಿತ್ತು ಅಂತ ಒಪ್ಕೋಬೇಡಿ," ಎಂದರು.

"ಬಾಯಿ ತೆಗೆದ್ರೆ ಕಾಣತ್ತೆ ಸಾರ್."

"ಹಾಗಿದ್ರೆ ಹಲ್ಲು ಇತ್ತು ಅಂತ್ಲೇ ಒಪ್ಕೋಬೇಡಿ. ಇತ್ತು ಅನ್ನೋದನ್ನ ಅವರು ಸಾಬೀತು ಮಾಡ್ಲಿ. ಹಲೋ? ಏನೂ ಕೇಳಿಸ್ತಿಲ್ಲ, ಇಲ್ಲಿ ವಾದ್ಯ," ಎಂದು ಇಟ್ಟುಬಿಟ್ಟರು.

ಟೈಲರಮ್ಮನಿಗೆ ಈ ವಾದವಿವಾದಗಳಲ್ಲಿ ನಂಬಿಕೆಯಿರಲಿಲ್ಲ. ಅವರದು ಹರಿದದ್ದನ್ನು ಹೊಲಿಯುವ ಕಸುಬು. "ಹೋದ್ರೆ ಹೋಯ್ತು, ಒಂದು ಹಲ್ಲು ಮಾಡಿ ಹಾಕಿ," ಎಂದರು. "ನೀವು ಸಾಸಿವೆ ಕಾಳಿನಷ್ಟು ಸ್ಕ್ರೂ ಮಾಡೋರು. ಹಲ್ಲೇನು ದೊಡ್ಡದು? ಇವತ್ತೊಂದು ದಿನ ದಾಟಿದ್ರೆ ಆಯ್ತು. ನಾಳೆ ಅವಳ ಅಮ್ಮನ ಮನೇಲಿ ಬೀಳ್ಲಿ. ಅವಳ ಮನೇಲಿ ಬಿದ್ರೆ ಅದು ಅವಳ ತಲೆನೋವು."

"ಹಾಗೆ ಮಾಡೋದು ತಪ್ಪಲ್ವಾ ಅಕ್ಕಾ?"

"ತಪ್ಪು ಮಾಡ್ದೆ ಇಷ್ಟು ದಿನ ಏನು ಸಿಕ್ಕಿತು ನಿಮ್ಗೆ?"

ಗಡಿಯಾರದವನು ಹೊಸ ಮಂಚವನ್ನು ನೋಡಿದ. ದಿಂಬಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ.

ಟೈಲರಮ್ಮ ಗುಂಡಿಗಳ ಡಬ್ಬವನ್ನೇ ಹೊತ್ತು ತಂದು ಮೇಜಿನ ಮೇಲೆ ಸುರಿದರು. ಗುಬ್ಬಿಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, "ಈಗ ಬಾಯಿ ತೆಗಿ. ಮಾತಾಡ್ಬೇಡ, ಬರೀ ತೆಗಿ" ಎಂದು ಹಲ್ಲಿನ ಪಕ್ಕ ಒಂದೊಂದೇ ಗುಂಡಿ ಹಿಡಿದು ನೋಡಿದರು. ಒಂದು ತೀರ ಬಿಳುಪು, ಒಂದು ಹಳದಿ, ಇನ್ನೊಂದಕ್ಕೆ ಹೊಳಪು ಜಾಸ್ತಿ. ರವಿಕೆಗೆ ದಾರ ಹೊಂದಿಸುವಾಗ ಗಿರಾಕಿಗಳನ್ನು ಅರ್ಧ ಗಂಟೆ ಕಾಯಿಸುವ ಹೆಂಗಸು ಹಲ್ಲಿನ ವಿಷಯದಲ್ಲಿ ರಾಜಿಯಾಗುವುದುಂಟೇ? ಕೊನೆಗೆ ಅವರ ಕಣ್ಣು ಗಡಿಯಾರದವನ ಎಡಗೈಯ ಅಂಗಿತೋಳಿನ ತುದಿಯ ಮೇಲೆ ನಿಂತಿತು.

"ಇದೇ! ಹಾಲಿನ ಬಣ್ಣ! ನಿಮ್ಮ ಕಫಿನ ಗುಂಡಿ!" ಎಂದವರೇ ಅವನು ಹ್ಞಾಂ ಹ್ಞೂಂ ಅನ್ನುವುದರೊಳಗೆ ಕತ್ತರಿಯಿಂದ ಕಚಕ್ಕೆನ್ನಿಸಿದರು.

ಮುಂದಿನ ಎರಡು ಗಂಟೆ ಗಡಿಯಾರದವನು ಮಾಡಿದ ಕೆಲಸ ಅವನ ಜೀವನದ ಅತ್ಯುತ್ತಮ ಕೆಲಸ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಗುಂಡಿಯನ್ನು ಕತ್ತರಿಸಿ, ಸಣ್ಣ ಅರದಿಂದ ಉಜ್ಜಿ, ಪಕ್ಕದ ಹಲ್ಲಿನ ವಾರೆಗೆ ತಕ್ಕಂತೆ ತಾನೂ ವಾರೆಯಾಗುವ ಹಲ್ಲೊಂದನ್ನು ತಯಾರಿಸಿದ. ದಾರ ಹೋಗುವ ತೂತುಗಳಲ್ಲಿ ಒಂದು ಮಾತ್ರ ಬುಡದಲ್ಲಿ ಉಳಿಯಿತು. ಅದು ಒಳಮುಖವಾಗಿ ಇರುವುದರಿಂದ ಕಾಣುವಂತಿರಲಿಲ್ಲ. ಅಂಟಿಸುವ ಪ್ರಶ್ನೆ ಬಂದಾಗ ಶಿರಸ್ತೇದಾರರು ಒಂದು ಕ್ಷಣ ಸಂಕೋಚಪಟ್ಟು, ಮೇಲೆ ಹೋಗಿ, ತಮ್ಮ ಹಲ್ಲಿನ ಸೆಟ್ಟಿಗೆ ಬಳಸುವ ಅಂಟಿನ ಟ್ಯೂಬು ತಂದುಕೊಟ್ಟರು. ಅವರದು ಕಟ್ಟಿಸಿದ ಹಲ್ಲೆಂಬ ಗುಟ್ಟು ಆ ಕಟ್ಟಡಕ್ಕೆ ಹಾಗೆ ತಿಳಿದದ್ದು.

"ಮಗು ನುಂಗಿಬಿಟ್ರೆ?" ಎಂದು ಗಡಿಯಾರದವನು ಕೇಳಿದ.

"ನುಂಗಬಾರದು ಅಂತ ಷರತ್ತಿನಲ್ಲಿ ಇಲ್ಲ," ಎಂದರು ಶಿರಸ್ತೇದಾರರು.

ಅವನಿಗೆ ಸಮಾಧಾನವಾಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಕೊಟ್ಟು, ನಾಲ್ಕು ಗಂಟೆಗೆ ಹೊರಡುವ ಮುಂಚೆ ಹಲ್ಲನ್ನು ಕೂರಿಸಿದ. ಮೂರು ಸಲ ಅಲ್ಲಾಡಿಸಿ ನೋಡಿದ. ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು.

"ಸಂಜೆ ಅಮ್ಮನ ಹತ್ರ ಹೋಗೋವರೆಗೂ ಮಾತಾಡ್ಬೇಡ, ನಗ್ಬೇಡ," ಎಂದ. "ಕೇಳಿದ್ದಕ್ಕೆ ಹ್ಞೂಂ ಅನ್ನು. ಸರೀನಾ?"

ಗುಬ್ಬಿ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ದೊಡ್ಡವರ ದಣಿವಿತ್ತು. "ಹ್ಞೂಂ," ಎಂದಳು.

ಬಸ್ಸಿನಲ್ಲಿ ಅವಳು ಎರಡು ಸಲ ಡಬ್ಬಿಯನ್ನು ಅವನ ಮುಂದೆ ಹಿಡಿದಳು. "ಆಮೇಲೆ ನೋಡ್ತೀನಿ ಮಗಳೇ," ಎಂದ. ಅವನ ಕಣ್ಣು ಅವಳ ತುಟಿಗಳ ಮೇಲಿತ್ತು. ಯಾವಾಗಲೂ ಬಸ್ಸಿನ ತುಂಬ ಪ್ರಶ್ನೆ ಕೇಳುತ್ತ ಬರುವ ಹುಡುಗಿ ಅಂದು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಪಕ್ಕದ ಸೀಟಿನ ಮುದುಕಿಯೊಬ್ಬಳು, "ಎಷ್ಟು ಒಳ್ಳೆ ಮಗು, ಒಂದು ಮಾತಿಲ್ಲ" ಎಂದಳು. ಗಡಿಯಾರದವನಿಗೆ ಆ ಹೊಗಳಿಕೆ ಎಲ್ಲೋ ಚುಚ್ಚಿತು.

ಸಮಾಲೋಚನಾ ಕೇಂದ್ರದಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಗೋಡೆ ಗಡಿಯಾರ. ಗಡಿಯಾರ ಏಳು ನಿಮಿಷ ಹಿಂದಿತ್ತು. ಅದನ್ನು ಸರಿಮಾಡಿಕೊಡುತ್ತೇನೆಂದು ಅವನು ಮೊದಲ ವಾರವೇ ಹೇಳಿದ್ದ. ಅದು ಪ್ರಭಾವ ಬೀರುವ ಯತ್ನವೆಂದು ಅವಳ ಕಡೆಯವರು ಆಕ್ಷೇಪಿಸಿದ್ದರು. ಮೇಜಿನ ಹಿಂದೆ ಸಮಾಲೋಚಕಿ ಮೇಡಂ. ಬೆಳಿಗ್ಗೆಯಿಂದ ಹನ್ನೊಂದು ಜೋಡಿ ಅಪ್ಪ ಅಮ್ಮಂದಿರನ್ನು ನೋಡಿ, ಇನ್ನು ಯಾರು ಯಾರ ಮೇಲೆ ಕೂಗಿದರೂ ರೆಪ್ಪೆ ಬಡಿಯದ ಹಂತಕ್ಕೆ ಬಂದಿದ್ದರು.

ಗುಬ್ಬಿಯ ಅಮ್ಮ ಆಗಲೇ ಬಂದು ಕೂತಿದ್ದಳು. ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಎಲ್ಲ... ಸರಿಯಾಗಿದೆಯಾ?" ಎಂದಳು.

"ಎಲ್ಲ ಸರಿಯಾಗಿದೆ. ನೀವು ನೋಡ್ಕೊಳ್ಳಿ," ಎಂದ. ಬೇರೆಯಾದ ಮೇಲೆ ವಕೀಲರ ಸಲಹೆಯಂತೆ ಅವನು ಅವಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಅವಳು 'ರೀ' ಅನ್ನುವುದನ್ನು ಬಿಟ್ಟು 'ನೋಡಿ' ಅನ್ನುವುದಕ್ಕೆ ಬಂದಿದ್ದಳು.

"ನೋಡೋದೇನಿದೆ ಬಿಡಿ," ಎಂದಳು ಅವಸರದಲ್ಲಿ. ವಾರವಾರ ಮಗಳನ್ನು ಅಡಿಯಿಂದ ಮುಡಿಯವರೆಗೆ ಕರಡಿನಂತೆ ಓದುತ್ತಿದ್ದವಳು ಅಂದು ಮಗಳ ಮುಖವನ್ನೇ ನೋಡಲಿಲ್ಲ. ಅವನಿಗೆ ನಂಬಲಾಗಲಿಲ್ಲ. ಅದೃಷ್ಟವೆಂಬುದು ತನ್ನ ವಿಳಾಸವನ್ನು ಕೊನೆಗೂ ಪತ್ತೆ ಹಚ್ಚಿತೆಂದುಕೊಂಡ.

ಮೇಡಂ ವಹಿ ತಿರುವಿದರು. "ಹನ್ನೆರಡನೇದು, ಅಲ್ವಾ? ಷರಾ ಏನಾದ್ರೂ ಇದೆಯಾ?"

"ಇಲ್ಲ," ಎಂದ ಅವನು.

"ಇಲ್ಲ ಇಲ್ಲ," ಎಂದಳು ಅವಳು.

"ಒಳ್ಳೇದಾಯ್ತು. ಹಾಗಿದ್ರೆ ಶನಿವಾರದ ರಾತ್ರಿಗೆ ನಾನು ಶಿಫಾರಸು ಬರೀತೀನಿ. ಇಬ್ಬರೂ ಇಲ್ಲಿ ರುಜು ಮಾಡಿ," ಎಂದು ಪೆನ್ನನ್ನು ಮುಂದಿಟ್ಟ ಮೇಡಂ, ರೂಢಿಯಂತೆ ಮೇಜಿನ ಖಾನೆ ಎಳೆದರು. ಹೊರಡುವ ಪ್ರತಿ ಮಗುವಿಗೂ ಅವರು ಒಂದು ಚಾಕೊಲೇಟು ಕೊಡುತ್ತಿದ್ದರು. ಜಗಿದಷ್ಟೂ ಹಲ್ಲಿಗೆ ಮೆತ್ತಿಕೊಳ್ಳುವ ಜಾತಿಯದು.

"ಬೇಡ!" ಎಂದರು ಅಪ್ಪ ಅಮ್ಮ ಒಂದೇ ಉಸಿರಿಗೆ.

ಗಡಿಯಾರದವನು ಅವಳನ್ನು ನೋಡಿದ. ಅವಳು ಅವನನ್ನು ನೋಡಿದಳು. ಇಬ್ಬರಿಗೂ ಏನೂ ಅರ್ಥವಾಗಲಿಲ್ಲ.

"ಒಂದು ಚಾಕೊಲೇಟಿಗೆ ಯಾಕ್ರೀ ಹಾಗೆ ಹೆದರ್ತೀರಾ? ತಗೋ ಪುಟ್ಟಾ," ಎಂದರು ಮೇಡಂ. ಬೆಳಿಗ್ಗೆಯಿಂದ ಹಾಲು ಬ್ರೆಡ್ಡಿನಲ್ಲಿ ದಿನ ದೂಡಿದ್ದ ಗುಬ್ಬಿ ಎರಡನೆಯ ಮಾತಿಗೆ ಅವಕಾಶ ಕೊಡದೆ ಅದನ್ನು ಬಾಯಿಗೆ ಹಾಕಿಕೊಂಡಳು. ಎರಡು ಸಲ ಜಗಿದಳು. ಮೂರನೆಯ ಸಲ ಜಗಿಯುವಾಗ ಅವಳ ಕಣ್ಣು ಅರಳಿತು. ಬೆರಳು ಹಾಕಿ ಬಾಯೊಳಗಿನದನ್ನೆಲ್ಲ ಹೊರಗೆ ತೆಗೆದು, ಶಿಸ್ತಿನ ಹುಡುಗಿಯಂತೆ, ವಹಿಯ ಪಕ್ಕದಲ್ಲಿ ಇಟ್ಟಳು. ಕಂದು ಉಂಡೆಯ ನಡುವೆ ಹಲ್ಲೊಂದು ಬೆಳ್ಳಗೆ ಹೊಳೆಯುತ್ತಿತ್ತು.

ಗಡಿಯಾರದವನು ಬಾಯಿ ತೆರೆಯುವುದರೊಳಗೆ ಗುಬ್ಬಿಯ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ತಪ್ಪಾಯ್ತು ಮೇಡಂ. ನಂದೇ ತಪ್ಪು. ಹಲ್ಲು ಶುಕ್ರವಾರಾನೇ ಬಿತ್ತು, ನಮ್ಮನೇಲಿ. ಇನ್ನೊಂದು ಷರಾ ಬಂದ್ರೆ ಮಗೂನೇ ಹೋಗತ್ತೆ ಅಂತ ಹೆದರಿಕೆ ಆಯ್ತು. ನನ್ನ ರಬ್ಬರು ಕತ್ತರಿಸಿ, ಹಲ್ಲು ಮಾಡಿ, ನಮ್ಮಮ್ಮನ ಹಲ್ಲಿನ ಸೆಟ್ಟಿನ ಅಂಟು ಹಾಕಿ ಕೂರಿಸಿದೆ. ಇವತ್ತೊಂದು ದಿನ ಇವರ ಮನೇಲಿ ಕಳೆದ್ರೆ..." ಮುಂದೆ ಹೇಳಲಾಗದೆ ಅವಳು ಅವನ ಕಡೆ ತಿರುಗಿದಳು. "ರೀ, ನೀವು ಆ ಮೊಣಕಾಲಿಗೆ ಹಾಗೆ ಬರೀದೇ ಇದ್ದಿದ್ರೆ ನಾನು ಹೀಗೆ ಮಾಡ್ತಿರ್ಲಿಲ್ಲ, ಗೊತ್ತಾ?"

ಹದಿನಾಲ್ಕು ತಿಂಗಳ ಮೇಲೆ ಬಂದ 'ರೀ' ಅದು. ಅವನಿಗೆ ಅದು ಕೇಳಿಸಿದಂತೆಯೂ ಇಲ್ಲ. ಹಲ್ಲು ಎರಡು ಸಲ ಪುಟಿದದ್ದು ಅವನ ಕಣ್ಣ ಮುಂದಿತ್ತು. ರಬ್ಬರು! ಅವನು ಬೆಳಿಗ್ಗೆ ಮೋರಿಯಲ್ಲಿ ಹುಡುಕಿದ್ದು ಅವಳ ರಬ್ಬರಿನ ತುಂಡು.

ಗಡಿಯಾರದವನ ಜೀವನದಲ್ಲಿ ಗೆಲುವೆಂಬುದು ಇಷ್ಟು ಹತ್ತಿರ ಬಂದು ಎಂದೂ ನಿಂತಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಮೇಜಿನ ಮೇಲಿನ ಹಲ್ಲು ತನ್ನದೆಂದು ಅವಳೇ ಹೇಳಿಬಿಟ್ಟಿದ್ದಳು. ಶನಿವಾರದ ರಾತ್ರಿಯೇನು, ವಾರದ ಏಳೂ ರಾತ್ರಿ ಅವನ ಮುಂದೆ ಸಾಲಾಗಿ ನಿಂತವು. ಅವನು ಗೋಡೆ ಗಡಿಯಾರ ನೋಡಿದ. ಅದರಲ್ಲಿ ಐದಾಗಲು ಎರಡು ನಿಮಿಷವಿತ್ತು. ಎಡಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದ. ಸುಮ್ಮನಿದ್ದ.

ಎಷ್ಟು ಹೊತ್ತು ಸುಮ್ಮನಿರುತ್ತಿದ್ದನೋ ಗೊತ್ತಿಲ್ಲ. ಅಷ್ಟರಲ್ಲಿ ಮೇಡಂ ಪೆನ್ನಿನ ತುದಿಯಿಂದ ಉಂಡೆಯನ್ನು ಬಿಡಿಸಿ, ಹಲ್ಲನ್ನು ಬೆಳಕಿಗೆ ಹಿಡಿದರು.

"ರಬ್ಬರು ಅಂದ್ರಲ್ಲಾ? ಇದು ಗಟ್ಟಿ ಇದೆ. ಬುಡದಲ್ಲೊಂದು ತೂತೂ ಇದೆ."

ಗುಬ್ಬಿಯ ಅಮ್ಮ ಅಳುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು. ಅವಳೊಳಗಿನ ಕರಡು ತಿದ್ದುವವಳು ಎದ್ದು ಕೂತಳು. ಹಲ್ಲನ್ನು ನೋಡಿದಳು, ಅವನ ಬಲಗೈ ಕಫನ್ನು ನೋಡಿದಳು, ಮೇಜಿನ ಕೆಳಗೆ ಹೋದ ಕೈಯನ್ನು ನೋಡಿದಳು.

"ಎಡಗೈ ಮೇಲೆತ್ತಿ," ಎಂದಳು.

"ಯಾಕೆ?"

"ಎತ್ತಿ ಅಂದೆ. ಆ ಕಫಿನ ಗುಂಡಿ ಎಲ್ಲಿ?"

"ಬಿದ್ದುಹೋಯ್ತು ಕಣೇ," ಎಂದುಬಿಟ್ಟ. ಬಹುವಚನವೂ ಗುಂಡಿಯ ಜೊತೆಗೇ ಬಿದ್ದುಹೋಗಿತ್ತು. ಆಮೇಲೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸೇಬು, ಮೋರಿ, ಟೈಲರಮ್ಮ, ಶಿರಸ್ತೇದಾರರ ಟ್ಯೂಬು ಎಲ್ಲವನ್ನೂ ಒಂದೊಂದಾಗಿ ಹೊರಹಾಕಿದ.

ಮೇಡಂ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. "ರಬ್ಬರಿನ ಹಲ್ಲು ಮೋರೀಲಿದೆ. ಗುಂಡಿ ಹಲ್ಲು ಇಲ್ಲಿದೆ. ಹಾಗಿದ್ರೆ ಮಗುವಿನ ಹಲ್ಲು ಎಲ್ರೀ?"

ಅಪ್ಪ ಅಮ್ಮನತ್ತ ನೋಡಿದ. ಅಮ್ಮ ಅಪ್ಪನತ್ತ ನೋಡಿದಳು. ಗುಬ್ಬಿ ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಹತ್ತಿಯ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹಲ್ಲೊಂದು ಮಲಗಿತ್ತು.

"ಅಪ್ಪಂಗೆ ತೋರಿಸ್ಬೇಕು ಅಂತ ಇಟ್ಕೊಂಡಿದ್ದೆ," ಎಂದಳು.

"ಮತ್ತೆ ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ ಮಗಳೇ?"

"ಎಲ್ರೂ ಬಾಯಿ ಮುಚ್ಕೋ ಅಂದ್ರಲ್ಲ. ಅಮ್ಮಾನೂ ಅಂದ್ಲು. ನೀನೂ ಅಂದೆ."

ಮೇಡಂ ಕೈ ಚಾಚಿದರು. "ಕೊಡು ಪುಟ್ಟಾ. ಫೈಲಿಗೆ ಹಾಕ್ಬೇಕು."

"ಕೊಡಲ್ಲ," ಎಂದು ಗುಬ್ಬಿ ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು. ಮೇಡಂ ಆ ದಿನ ಮೊದಲ ಸಲ, ನಡೆದದ್ದೊಂದನ್ನು ಬರೆದುಕೊಳ್ಳದೆ ಬಿಟ್ಟರು.

ಆಮೇಲೆ ವಹಿ ಎಳೆದುಕೊಂಡು ಬಹಳ ಹೊತ್ತು ಬರೆದರು. ಗಡಿಯಾರದವನು ಎದುರಿನಿಂದ ತಲೆಕೆಳಗಾಗಿ ಓದಲು ಯತ್ನಿಸಿ ಸೋತ. ಗುಬ್ಬಿಯ ಅಮ್ಮನಿಗೆ ತಲೆಕೆಳಗಾದದ್ದನ್ನು ಓದುವುದು ಕಸುಬಿನಿಂದಲೇ ಬರುತ್ತಿತ್ತು. ಓದುತ್ತ ಓದುತ್ತ ಅವಳ ಮುಖ ಬಿಳಿಚಿತು.

"ಹದಿನೆಂಟು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ," ಎಂದರು ಮೇಡಂ ಬರೆಯುತ್ತಲೇ. "ಒಂದೇ ಸೂರಿನಡಿ ಇರೋ ಗಂಡ ಹೆಂಡ್ತಿ ಒಂದು ಪರದೆ ಬಣ್ಣಕ್ಕೂ ಒಪ್ಪಲ್ಲ. ನೀವು ಊರಿನ ಆ ತುದಿ, ಅವರು ಈ ತುದಿ. ಮಾತಿಲ್ಲ, ಕತೆಯಿಲ್ಲ. ಆದ್ರೂ ಒಂದೇ ಹೆದರಿಕೆ, ಒಂದೇ ಸುಳ್ಳು, ಕೊನೆಗೆ ಅಂಟೂ ಒಂದೇ. ಇಷ್ಟು ಹೊಂದಾಣಿಕೆ ಇರೋ ಜೋಡೀನ ನಾನು ಬೇರೆ ಮಾಡಿದ್ರೆ ನನ್ನ ಕೆಲಸಕ್ಕೆ ಅರ್ಥ ಇಲ್ಲ. ಕೂಡಿಸೋ ಪ್ರಯತ್ನಕ್ಕೆ ಫೈಲು ವಾಪಸು ಕಳಿಸ್ತಿದೀನಿ. ಆರು ತಿಂಗಳು, ಪ್ರತಿ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಇಬ್ಬರೂ ಇಲ್ಲೇ, ನನ್ನ ಮುಂದೆ ಕೂತು ಮಾತಾಡ್ಬೇಕು."

"ಸಾಧ್ಯಾನೇ ಇಲ್ಲ!" ಎಂದರು ಗಂಡ ಹೆಂಡಿರು, ಒಂದೇ ಸಲಕ್ಕೆ, ಒಂದೇ ದನಿಯಲ್ಲಿ.

ಮೇಡಂ ಅದನ್ನೂ ಬರೆದುಕೊಂಡರು.

"ಹಾಗಿದ್ರೆ ಭಾನುವಾರ ಗುಬ್ಬಿ?" ಎಂದು ಗಡಿಯಾರದವನು ಮೆಲ್ಲಗೆ ಕೇಳಿದ.

"ಅಜ್ಜಿ ಇದಾರಲ್ಲ," ಎಂದರು ಮೇಡಂ.

ಗುಬ್ಬಿ ಅಮ್ಮನ ಕೈ ಹಿಡಿದು ಬಾಗಿಲವರೆಗೆ ಹೋಗಿ, ತಿರುಗಿ ನೋಡಿ, ಆ ದಿನ ಮೊದಲ ಸಲ ಬಾಯಿ ತುಂಬ ನಕ್ಕಳು. ಹಲ್ಲಿಲ್ಲದ ಜಾಗ ಸ್ಪಷ್ಟವಾಗಿ ಕಂಡಿತು. ಅವನು ಕೈ ಬೀಸಿದ. ಗುಂಡಿಯಿಲ್ಲದ ಕಫು ಮೊಣಕೈಯವರೆಗೆ ಜಾರಿತು.

ಶನಿವಾರದ ರಾತ್ರಿಯ ಕೋರಿಕೆಯನ್ನು ಆರು ತಿಂಗಳು ಮುಂದೂಡಲಾಯಿತು. ಸಮಾಲೋಚನೆಗೆ ಮಕ್ಕಳನ್ನು ಕರೆತರುವಂತಿಲ್ಲವಾದ್ದರಿಂದ ಭಾನುವಾರವೂ ಹೋಯಿತು. ಗುಂಡಿಯನ್ನು ಫೈಲಿಗೆ ಲಗತ್ತಿಸಲಾಯಿತು.